ದೋಣಿಗೊಂದು ದಿನ ಹೆಚ್ಚು ಕೊಡಿ

ಡಿಸೆಂಬರ್ ಮುಗಿಯುವ ಹೊತ್ತಿಗೆ ಮಿಷಿಗನ್‌ನ ಸಣ್ಣ ಕೆರೆಗಳು ಹೆಪ್ಪುಗಟ್ಟತೊಡಗಿರುತ್ತವೆ. ಬೇಸಿಗೆಯಲ್ಲಿ ಸೇಂಟ್ ಕ್ಲೇರ್ ಸರೋವರದ ಮೇಲೆ ಹಾಯಿ ಬಿಚ್ಚಿ ಓಡಾಡಿದ ದೋಣಿ ಅಕ್ಟೋಬರ್‌ನಿಂದ ಮನೆಯ ಪಕ್ಕದಲ್ಲಿ ಟ್ರೇಲರ್ ಮೇಲೆ ಸುಮ್ಮನೆ ಕೂತಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 2,300 ಕಿ.ಮೀ. ದೂರದ ಫ್ಲಾರಿಡಾ ಕೀಸ್ ದ್ವೀಪಸಾಲಿನಲ್ಲಿ ಮಾತ್ರ ಅದೇ ವಾರ ಅಂಗಿ ತೋಳು ಮಡಚಿಕೊಂಡು ಹಾಯಿ ನಡೆಸಬಹುದು. ನಡುವೆ ಓಹಾಯೊ, ಕೆಂಟಕಿ, ಟೆನೆಸಿ, ಜಾರ್ಜಿಯಾ ದಾಟಿ ಇಳಿಯುವ ಐ-75 ಹೆದ್ದಾರಿ ಇದೆ. ಚಳಿಗಾಲ ಕಳೆಯಲು ತೆಂಕಣಕ್ಕೆ ಇಳಿಯುವವರಲ್ಲಿ ದೋಣಿ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಡೆಟ್ರಾಯ್ಟ್ ಸುತ್ತಮುತ್ತಲ ವಾಹನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ಅಟ್ಲಾಂಟಾ, ಟ್ಯಾಂಪಾದ ನೆಂಟರ ಮನೆಗೆ ಕಾರಿನಲ್ಲಿ ಹೋಗಿಬಂದವರು ಬೇಕಾದಷ್ಟು ಜನ. ಆದರೆ ಬೆನ್ನ ಹಿಂದೆ ಒಂದೂವರೆ ಟನ್ ತೂಗುವ ದೋಣಿ ಸೇರಿಕೊಂಡಾಗ ದಾರಿಯ ಲೆಕ್ಕಾಚಾರವೇ ಬದಲಾಗುತ್ತದೆ. ಈ ಪಯಣದ ಸಿದ್ಧತೆಯೆಂದರೆ ಗಟ್ಟಿ ವಾಹನ, ಒಳ್ಳೆಯ ಹಗ್ಗ, ಸರಿಯಾದ ಸಲಕರಣೆ ಎಂದು ಬಹಳ ಜನ ಎಣಿಸುತ್ತಾರೆ. ಅವೆಲ್ಲ ಬೇಕು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಕ್ಯಾಲೆಂಡರಿನಲ್ಲಿ ಒಂದೆರಡು ಹೆಚ್ಚುವರಿ ದಿನ ಎಂಬುದು ನನ್ನ ವಾದ. ಟೈರು, ಬೇರಿಂಗು, ಬ್ರೇಕು, ಹವಾಮಾನ, ಚಾಲಕನ ಕಣ್ಣು, ಇವುಗಳಲ್ಲಿ ಯಾವುದನ್ನು ಕೇಳಿದರೂ ಅದು ಬೇಡುವುದು ಸಮಯವನ್ನೇ.

ಮೊದಲು ಲೆಕ್ಕವನ್ನು ಮೇಜಿನ ಮೇಲಿಡೋಣ. ಉದಾಹರಣೆಗೆ ಕ್ಯಾಟಲೀನಾ 22 ಎಂಬ ದೋಣಿಯನ್ನು ತೆಗೆದುಕೊಳ್ಳಬಹುದು. 1969ರಲ್ಲಿ ಬಂದ ಈ ಮಾದರಿಯ 15,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಅಮೆರಿಕದಲ್ಲಿ ಟ್ರೇಲರ್ ಮೇಲೆ ಸಾಗುವ ಹಾಯಿದೋಣಿ ಎಂದರೆ ಹಲವರಿಗೆ ಥಟ್ಟನೆ ನೆನಪಾಗುವುದು ಇದೇ. ಬರಿಯ ದೋಣಿಯ ತೂಕ ಸುಮಾರು ಒಂದು ಸಾವಿರ ಕಿಲೊ. ಟ್ರೇಲರ್, ಔಟ್‌ಬೋರ್ಡ್ ಮೋಟಾರು, ಲಂಗರು, ಹಾಯಿಗಳು ಸೇರಿದರೆ ಒಂದೂವರೆ ಸಾವಿರ ಹಿಡಿಯಿರಿ. ಅಗಲ 2.3 ಮೀಟರ್, ವಿಶೇಷ ಪರವಾನಗಿ ಇಲ್ಲದೆ ಅಲ್ಲಿನ ಹೆದ್ದಾರಿಯಲ್ಲಿ ಸಾಗಿಸಬಹುದಾದ 2.6 ಮೀಟರ್ ಮಿತಿಯೊಳಗೇ ಇದೆ. ಟ್ರೇಲರ್‌ಗೆಂದೇ ತಯಾರಾಗುವ ಟೈರುಗಳನ್ನು ಬಹುಕಾಲದಿಂದ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ವೇಗದ ಮಿತಿಗೆ ರೂಪಿಸಲಾಗಿದೆ. ಅದಕ್ಕಿಂತ ಹೆಚ್ಚು ತಾಳುವ ಟೈರಾದರೆ ಪಕ್ಕದಲ್ಲಿ ಹಾಗೆಂದು ಅಚ್ಚೊತ್ತಿರುತ್ತದೆ. ಮಿತಿಯ ಅಂಚಿನಲ್ಲೇ ಓಡಿಸಿದರೆ 2,300 ಕಿ.ಮೀ.ಗೆ 22 ಗಂಟೆ ಹಿಡಿಯುತ್ತದೆ. 88 ಕಿ.ಮೀ. ವೇಗಕ್ಕೆ, ಅಂದರೆ 55 ಮೈಲಿಗೆ ಇಳಿಸಿದರೆ 26 ಗಂಟೆ. ಇಡೀ ಪಯಣಕ್ಕೆ ವ್ಯತ್ಯಾಸ ನಾಲ್ಕೇ ಗಂಟೆ; ಐದು ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಗಂಟೆಯೂ ಇಲ್ಲ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 105ರ ವೇಗದಲ್ಲಿ ಬ್ರೇಕುಗಳು ನುಂಗಬೇಕಾದ ಶಕ್ತಿ 88ಕ್ಕಿಂತ ಶೇ. 40ರಷ್ಟು ಹೆಚ್ಚು. ನಾಲ್ಕು ಗಂಟೆ ಉಳಿಸಲು ಇಷ್ಟು ದೊಡ್ಡ ಬೆಲೆ ತೆರುವುದು ಲಾಭದ ವ್ಯಾಪಾರ ಅಲ್ಲವೇ ಅಲ್ಲ.

ದಾರಿಯಲ್ಲಿ ನಿಂತುಹೋಗುವ ದೋಣಿ ಟ್ರೇಲರ್‌ಗಳ ಕಥೆ ಹೆಚ್ಚಾಗಿ ಗಾಲಿಯಲ್ಲಿ ಶುರುವಾಗುತ್ತದೆ. ಈ ಟೈರುಗಳು ಸವೆದು ಹಾಳಾಗುವುದಕ್ಕಿಂತ ನಿಂತಲ್ಲೇ ಮುದಿಯಾಗುವುದೇ ಹೆಚ್ಚು. ವರ್ಷಕ್ಕೆ ನೂರಿನ್ನೂರು ಕಿಲೊಮೀಟರು ಓಡಿ, ಉಳಿದ ಕಾಲವೆಲ್ಲ ಬಿಸಿಲು ಚಳಿಯಲ್ಲಿ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಟೈರಿನ ಅಚ್ಚು ಹೊಸದರಂತೆಯೇ ಕಾಣುತ್ತದೆ; ರಬ್ಬರು ಮಾತ್ರ ಒಳಗೊಳಗೇ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಕಣ್ಣಳತೆ ನಂಬದೆ ತಯಾರಿಕೆಯ ದಿನಾಂಕ ಓದಬೇಕು. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಊರ ಕೆರೆಯ ತನಕ ಬೇಕಾದರೆ ಒಯ್ಯಿರಿ, ಐದು ರಾಜ್ಯ ದಾಟಿಸಬೇಡಿ. ಇನ್ನು ಗಾಳಿಯ ಒತ್ತಡ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿದ ಟೈರು ಮೈನಸ್ ಹತ್ತರ ಬೆಳಗಿಗೆ ಬಂದು ನಿಂತರೆ ಐದಾರು ಪಿಎಸ್‌ಐ ಕಳೆದುಕೊಂಡಿರುತ್ತದೆ. ಒತ್ತಡ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದ ಟೈರೇ ಹರಿಯುವುದು. ಹೊರಗಿನ ಚಳಿ ಅದನ್ನು ಕಾಪಾಡುತ್ತದೆ ಎಂದುಕೊಳ್ಳಬಾರದು. ಹೀಗಾಗಿ ಪ್ರತಿದಿನ ಬೆಳಿಗ್ಗೆ, ಚಕ್ರ ಉರುಳುವ ಮೊದಲು, ಹೊರಗಿನ ಗಾಳಿಯಲ್ಲೇ ಒತ್ತಡ ಅಳೆಯಬೇಕು.

ಎತ್ತಿನ ಗಾಡಿಯ ಕಾಲದಲ್ಲಿ ದೂರದೂರಿಗೆ ಹೊರಡುವವರು ಕೀಲೆಣ್ಣೆಯ ಬಿದಿರು ಕೊಳವೆಯನ್ನು ಗಾಡಿಯ ಅಡಿ ನೇತುಹಾಕಿಕೊಂಡು ಹೋಗುತ್ತಿದ್ದರು. ಒಣಗಿದ ಅಚ್ಚು ಕಿರುಗುಟ್ಟಿ ಎಚ್ಚರಿಸುತ್ತಿತ್ತು. ದೋಣಿ ಟ್ರೇಲರಿನ ಬೇರಿಂಗು ಎಚ್ಚರಿಸುವುದು ತೀರ ತಡವಾಗಿ, ಎಷ್ಟೋ ಸಲ ಹೊಗೆಯ ಮೂಲಕ. ಅದು ಹಾಳಾಗುವ ಬಗೆಯನ್ನು ಕೊಂಚ ಬಿಡಿಸಿ ಹೇಳಬೇಕು. ದೂರ ಓಡಿಬಂದ ಚಕ್ರದ ಹಬ್ ಬಿಸಿಯಾಗಿರುತ್ತದೆ. ಅದನ್ನು ನೇರವಾಗಿ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸು ಬೂದುಬಣ್ಣಕ್ಕೆ ತಿರುಗಿ ಹಾಲು ಬೆರೆತಂತಾಗುತ್ತದೆ, ಉಕ್ಕಿನ ಉರುಳೆಗಳಿಗೆ ತುಕ್ಕು ಹಿಡಿಯುತ್ತದೆ. ಹೋದ ಬೇಸಿಗೆಯಲ್ಲಿ ಹೊಕ್ಕ ನೀರು ಚಳಿಗಾಲವಿಡೀ ಒಳಗೆ ಕೂತು ತನ್ನ ಕೆಲಸ ಮಾಡಿರುತ್ತದೆ. ಹೊರಡುವ ಮೊದಲು ಹಬ್ ಬಿಚ್ಚಿ, ಹಳೆಯ ಗ್ರೀಸು ಒರೆಸಿ, ಉರುಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಸೀಲು ಕೂರಿಸಿ ಗ್ರೀಸು ತುಂಬಿಸುವುದು ಒಂದು ಪೂರ್ತಿ ದಿನದ ಕೆಲಸ. ಬೇರಿಂಗ್ ಕೂರಿಸಿ, ಗ್ರೀಸು ತುಂಬಿ ಸಿದ್ಧಪಡಿಸಿದ ಇನ್ನೊಂದು ಹಬ್ಬನ್ನೇ ಜೊತೆಗಿಟ್ಟುಕೊಂಡರೆ ರಸ್ತೆ ಬದಿಯಲ್ಲಿ ಗಂಟೆಯೊಳಗೆ ರಿಪೇರಿ ಮುಗಿಸಬಹುದು. ದಾರಿಯಲ್ಲಿ ಪ್ರತಿ 150 ಕಿ.ಮೀ.ಗೊಮ್ಮೆ ನಿಂತು ಹಬ್ ಮುಟ್ಟಿ ನೋಡಿ. ಚಳಿಯಲ್ಲಿ ಕೆಟ್ಟ ಬೇರಿಂಗು ಕೂಡ ಅಷ್ಟೇನೂ ಬಿಸಿಯಿಲ್ಲ ಅನ್ನಿಸಬಹುದು. ಆದ್ದರಿಂದ ಎಷ್ಟು ಬಿಸಿ ಎನ್ನುವುದಕ್ಕಿಂತ ಎಡಬಲಗಳು ಒಂದೇ ಸಮ ಬಿಸಿ ಇವೆಯೇ ಎಂದು ಹೋಲಿಸಬೇಕು. ಒಂದು ಬದಿ ಎದ್ದು ತೋರುವಷ್ಟು ಬೆಚ್ಚಗಿದ್ದರೆ ಮುಂದೆ ಹೋಗಬೇಡಿ. ಚಕ್ರದ ನಟ್ಟುಗಳನ್ನು ಮೊದಲ 80 ಕಿ.ಮೀ. ಆದಮೇಲೆ ಮತ್ತೊಮ್ಮೆ ಬಿಗಿಮಾಡಬೇಕು. ಅಂದಹಾಗೆ, ಕಾರಿನ ಜ್ಯಾಕು ಟ್ರೇಲರ್ ಅಚ್ಚಿನ ಎತ್ತರಕ್ಕೆ, ಕಾರಿನ ಪಾನಾ ಟ್ರೇಲರ್ ನಟ್ಟಿಗೆ ಕೂರುತ್ತದೆಯೇ ಎಂದು ಮನೆಯಂಗಳದಲ್ಲೇ ನೋಡಿಕೊಳ್ಳಿ. ಬದಲಿ ಟೈರು ಇದ್ದೂ ಅದನ್ನು ಹಾಕಲಾಗದೆ ಹಿಮದಲ್ಲಿ ನಿಲ್ಲುವ ಪಾಡು ಯಾರಿಗೂ ಬೇಡ.

ಗಾಡಿಯ ಹೋಲಿಕೆ ಇನ್ನೊಂದು ಕಡೆಯೂ ಹೊಂದುತ್ತದೆ. ಹಿಂಭಾರವಾದ ಗಾಡಿಯ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೇಲರಿನ ಮೂಕಿಗೂ ಹಾಗೆಯೇ ಒಂದು ಹದವಿದೆ: ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕೊಂಡಿಯ ಗುಂಡಿನ ಮೇಲೆ ಕೂರಬೇಕು. ನಮ್ಮ ಉದಾಹರಣೆಯಲ್ಲಿ 150 ಕಿಲೊ. ಅದು ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಎಡಬಲಕ್ಕೆ ಬೀಸತೊಡಗುತ್ತದೆ. ಹಾಗೆ ಬೀಸಿದಾಗ ಗಾಬರಿಯಾಗಿ ಬ್ರೇಕು ಒತ್ತಬಾರದು; ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಬೇಕು. ಒಟ್ಟಾಗಿ ಹೊರಡುವ ಗೆಳೆಯರ ಗುಂಪು ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ದೋಣಿಯೊಳಗೆ ಖಾಲಿ ಜಾಗವಿದೆ ಎಂದು ಐಸ್ ಪೆಟ್ಟಿಗೆ, ನೀರಿನ ಕ್ಯಾನು, ಅಕ್ಕಿಮೂಟೆ ಎಲ್ಲವನ್ನೂ ಹಿಂದಿನ ಕಾಕ್‌ಪಿಟ್ಟಿಗೆ ತುಂಬುತ್ತಾರೆ, ಮೂಕಿ ಹಗುರಾಗುತ್ತದೆ. ಕಾರಿನೊಳಗೆ ಕೂತ ಗೆಳೆಯರೂ ತೂಕವೇ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ವಾಹನ 2,500 ಕಿಲೊ ಎಳೆಯಬಲ್ಲದು ಎಂದು ಜಾಹೀರಾತಿನಲ್ಲಿ ಓದಿ ಸಮಾಧಾನಪಡುವವರು, ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯನ್ನು ಓದುವುದಿಲ್ಲ. ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಎಂಬ ಮಿತಿ ಅಲ್ಲಿ ಬರೆದಿರುತ್ತದೆ. ಅದು 550 ಕಿಲೊ ಎಂದಿಟ್ಟುಕೊಳ್ಳಿ. ನಾಲ್ವರು ದೊಡ್ಡವರಿಗೆ 320, ಬ್ಯಾಗುಗಳಿಗೆ 100, ಮೂಕಿಯ ಭಾರ 150. ಅಲ್ಲಿಗೆ 570 ಆಗಿ ಮಿತಿ ಮೀರಿತು. ಎಳೆಯುವ ಶಕ್ತಿ ಸಾವಿರ ಕಿಲೊ ಮಿಕ್ಕಿದ್ದರೂ ಹೊರುವ ಶಕ್ತಿ ಮುಗಿದಿರುತ್ತದೆ. ಹೊರಡುವ ವಾರ ಎಲ್ಲರನ್ನೂ ಎಲ್ಲ ಸಾಮಾನನ್ನೂ ಹತ್ತಿಸಿಕೊಂಡು ಲಾರಿ ತೂಗುವ ಕಾಟಾಕ್ಕೆ ಒಮ್ಮೆ ಹೋಗಿಬರುವುದು ಈ ಇಡೀ ಸಿದ್ಧತೆಯಲ್ಲೇ ಅತ್ಯಂತ ಅಗ್ಗದ, ಅತ್ಯಂತ ಬೆಲೆಯುಳ್ಳ ಕೆಲಸ.

ಇನ್ನು ಚಳಿಗಾಲದ ರಸ್ತೆ. ನಮ್ಮ ವಾಹನಕ್ಕೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಇದೆ, ಹಿಮ ಏನು ಮಾಡೀತು ಎನ್ನುವವರಿದ್ದಾರೆ. ನಾಲ್ಕು ಚಕ್ರದ ಬಲ ಹೊರಡಲು, ಏರಲು ನೆರವಾಗುತ್ತದೆ. ನಿಲ್ಲುವಾಗ ಅದರಿಂದ ಏನೂ ಉಪಯೋಗವಿಲ್ಲ. ದೋಣಿ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಇರುವುದು ಸರ್ಜ್ ಬ್ರೇಕು. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ತನ್ನ ಭಾರದಿಂದ ಕೊಂಡಿಯನ್ನು ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯೇ ಬ್ರೇಕಿನ ದ್ರವವನ್ನು ಒತ್ತಿ ಚಕ್ರ ಹಿಡಿಯುತ್ತದೆ. ಒಣ ರಸ್ತೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುವ ಸರಳ ಏರ್ಪಾಡು. ಹಿಮಗಟ್ಟಿದ ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಿದರೂ ಟ್ರೇಲರ್ ಮುಂದೊತ್ತಿ ಅದರ ಚಕ್ರಗಳು ಕಚ್ಚಿಕೊಳ್ಳಬಹುದು; ಕಚ್ಚಿದ ಚಕ್ರ ಜಾರಿ ಅಡ್ಡ ತಿರುಗುತ್ತದೆ, ಚಾಲಕನ ಕೈಯಲ್ಲಿ ಅದನ್ನು ಬಿಡಿಸುವ ಗುಂಡಿ ಯಾವುದೂ ಇರುವುದಿಲ್ಲ. ಸೇತುವೆಗಳ ಕೆಳಗೂ ಗಾಳಿ ಆಡುವುದರಿಂದ ರಸ್ತೆಗಿಂತ ಮೊದಲು ಅವೇ ಹೆಪ್ಪುಗಟ್ಟುತ್ತವೆ. ಸಿನ್ಸಿನಾಟಿಯಲ್ಲಿ ಓಹಾಯೊ ನದಿ ದಾಟಿಸುವ ಬ್ರೆಂಟ್ ಸ್ಪೆನ್ಸ್ ಸೇತುವೆಗೆ ಮರಳಿ ಬರುವಾಗ ಕೋವಿಂಗ್ಟನ್ ಬಳಿ ಗುಡ್ಡ ಕಡಿದು ಮಾಡಿದ ತಿರುವಿನ ಇಳಿಜಾರಿದೆ. ಕೆಂಟಕಿ ಮತ್ತು ಟೆನೆಸಿಯ ಗಡಿಯಲ್ಲಿ ಜೆಲಿಕೊ ಬೆಟ್ಟದ ಏರಿಳಿತವಿದೆ. ಈ ಎರಡನ್ನೂ ಹಗಲಲ್ಲಿ, ರಸ್ತೆ ಒಣಗಿದ ಮೇಲೆ ದಾಟುವುದೇ ಜಾಣತನ. ರಸ್ತೆ ಒಣಗುವ ತನಕ ಕಾಯುವುದಕ್ಕೆ ಏನು ಬೇಕು? ಯೋಜನೆಯಲ್ಲಿ ಮಿಗಿಸಿಟ್ಟ ಒಂದು ದಿನ.

ದಕ್ಷಿಣಕ್ಕೆ ಇಳಿದ ಕೂಡಲೇ ಅಪಾಯ ಮುಗಿಯಿತು ಎಂದೂ ಅಲ್ಲ. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಬಿದ್ದದ್ದು ಬರೀ ಎರಡು ಮೂರು ಅಂಗುಲ ಹಿಮ. ಊರಿಗೆ ಊರೇ ಒಟ್ಟಿಗೆ ಮನೆಗೆ ಹೊರಟು ಹೆದ್ದಾರಿಗಳು ಕಟ್ಟಿಕೊಂಡವು, ಸಾವಿರಾರು ಜನ ರಾತ್ರಿಯಿಡೀ ವಾಹನಗಳಲ್ಲೇ ಕಳೆದರು. 1990ರ ಡಿಸೆಂಬರ್ 11ರ ಬೆಳಿಗ್ಗೆ ಟೆನೆಸಿಯ ಕ್ಯಾಲ್ಹೂನ್ ಬಳಿ ಇದೇ ಐ-75ರ ಮೇಲೆ ದಟ್ಟ ಮಂಜು ಕವಿದು 99 ವಾಹನಗಳು ಒಂದರ ಮೇಲೊಂದು ನುಗ್ಗಿ 12 ಜನ ಸತ್ತರು. ಆ ಬಳಿಕ ಅಲ್ಲಿ ಮಂಜಿನ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ಇಂಥ ಕಡೆ ಟ್ರೇಲರ್ ಕಟ್ಟಿಕೊಂಡವರ ಕಷ್ಟ ಬೇರೆಯವರಿಗಿಂತ ಹೆಚ್ಚು: ಥಟ್ಟನೆ ನಿಲ್ಲಲಾಗದು, ಪಕ್ಕಕ್ಕೆ ತಪ್ಪಿಸಿಕೊಳ್ಳಲಾಗದು, ಹಿಂದೆ ಸರಿದು ತಿರುಗಿಸಲಾಗದು. ಬೆಳಿಗ್ಗೆ ಮಂಜಿದ್ದರೆ ಅದು ಏಳುವ ತನಕ ಹೋಟೆಲಿನಲ್ಲೇ ಇನ್ನೊಂದು ಕಾಫಿ ಕುಡಿಯುವಷ್ಟು ಬಿಡುವು ಯೋಜನೆಯೊಳಗೇ ಇರಬೇಕು. ಇವತ್ತೇ ಮುಟ್ಟಲೇಬೇಕು ಎಂದು ಹೊರಟವರಿಗೆ ಆ ಬಿಡುವು ಇರುವುದಿಲ್ಲ.

ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಗೆಳೆಯರ ಬಾಯಿಂದಲೇ ಬರುತ್ತದೆ: ನಾವು ನಾಲ್ವರಿದ್ದೇವೆ, ಸರದಿಯ ಮೇಲೆ ಓಡಿಸಿ ಒಂದೂವರೆ ದಿನದಲ್ಲಿ ಮುಟ್ಟಿಬಿಡೋಣ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ; ಬರೀ ಕಾರಿನಲ್ಲಿ ಹಾಗೆ ಹೋಗುವವರು ಇದ್ದಾರೆ. ಆದರೆ ನಾಲ್ವರಲ್ಲಿ ಟ್ರೇಲರ್ ಎಳೆದು, ಹಿಂದಕ್ಕೆ ಸರಿಸಿ ಪಳಗಿದವರು ಎಷ್ಟು ಜನ? ಕರ್ನಾಟಕದಲ್ಲಿ ಓಡಿಸಲು ಕಲಿತವರು ಟ್ರೇಲರ್ ಎಂದರೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಕಂಡದ್ದೇ ಹೊರತು ತಾವಾಗಿ ಎಳೆದಿರುವುದಿಲ್ಲ. ಪಳಗದವರ ಸರದಿ ರಾತ್ರಿ ಎರಡು ಗಂಟೆಗೆ ಟೆನೆಸಿಯ ಗುಡ್ಡದಲ್ಲಿ ಬಂದರೆ ಸರದಿಯ ಅರ್ಥವೇ ಕೆಟ್ಟಿತು. ಓಡುವ ವಾಹನದಲ್ಲಿ ಕೂತೇ ತೂಕಡಿಸಿದವನ ನಿದ್ದೆ ನಿದ್ದೆಯೂ ಅಲ್ಲ. 17 ಗಂಟೆ ಎಚ್ಚರವಿದ್ದವನ ಚುರುಕು ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ವೃತ್ತಿಯಲ್ಲೇ ಪಳಗಿದ ಅಮೆರಿಕದ ಲಾರಿ ಚಾಲಕರಿಗೂ ಹತ್ತು ಗಂಟೆಯ ಬಿಡುವಿನ ನಂತರ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸಲು ಕಾನೂನು ಬಿಡುವುದಿಲ್ಲ. ಆ ನಿಯಮ ಖಾಸಗಿ ವಾಹನಕ್ಕೆ ಅನ್ವಯಿಸದಿದ್ದರೂ ಅದರ ಹಿಂದಿನ ಕಾರಣ ನಮಗೂ ಅನ್ವಯಿಸುತ್ತದೆ. ಕತ್ತಲಲ್ಲಿ ಇನ್ನೊಂದು ತೊಡಕಿದೆ: ಸಡಿಲವಾದ ಪಟ್ಟಿ, ಹೊಗೆಯಾಡುವ ಹಬ್, ಕಳಚಿ ನೇತಾಡುವ ವೈರು ಹಗಲಲ್ಲಿ ಕನ್ನಡಿಯಲ್ಲಿ ಕಾಣುತ್ತವೆ, ರಾತ್ರಿ ಕಾಣುವುದಿಲ್ಲ. ಡಿಸೆಂಬರ್ ಕೊನೆಗೆ ಡೆಟ್ರಾಯ್ಟ್‌ನಲ್ಲಿ ಹಗಲಿರುವುದೇ ಒಂಬತ್ತು ಗಂಟೆ. ಅದರಲ್ಲಿ ಏಳು ಗಂಟೆ ಓಡಿಸಿ ಎರಡು ಗಂಟೆ ನಿಲುಗಡೆಗೆ ಬಿಟ್ಟರೆ ದಿನಕ್ಕೆ 450ರಿಂದ 550 ಕಿ.ಮೀ. ಆಗುತ್ತದೆ. ನಾಲ್ವರು ಚಾಲಕರಿರುವುದರ ನಿಜವಾದ ಲಾಭ ದೂರ ಹೆಚ್ಚಿಸುವುದರಲ್ಲಿ ಇಲ್ಲ; ಪ್ರತಿಯೊಬ್ಬರೂ ಎರಡು ಗಂಟೆ ಮಾತ್ರ, ಹೊಸ ಕಣ್ಣಿನಿಂದ ಓಡಿಸುವುದರಲ್ಲಿದೆ.

ಅಷ್ಟು ರಜೆ ಎಲ್ಲಿಂದ ತರುವುದು ಎಂಬುದು ಎರಡನೆಯ ಆಕ್ಷೇಪ, ನ್ಯಾಯವಾದದ್ದೇ. ಹೋಗಲು ಐದು, ಬರಲು ಐದು, ಮೇಲೆ ಹವಾಮಾನಕ್ಕೆಂದು ಎರಡು. ರಜೆ ಇರುವುದೇ ಎರಡು ವಾರವಾದರೆ ನೀರಿಗೆ ಉಳಿಯುವುದೇನು? ಇದಕ್ಕೆ ಉತ್ತರ ವೇಗ ಹೆಚ್ಚಿಸುವುದಲ್ಲ, ಯೋಜನೆಯನ್ನೇ ತಿದ್ದುವುದು. ಬಿಡುವಿರುವ ಇಬ್ಬರು ದೋಣಿಯೊಂದಿಗೆ ಮೊದಲು ಹೊರಡಲಿ, ಉಳಿದಿಬ್ಬರು ವಿಮಾನದಲ್ಲಿ ಮಯಾಮಿಗೆ ಬಂದು ಸೇರಿಕೊಳ್ಳಲಿ. ಮರಳುವಾಗ ಸರದಿ ಅದಲುಬದಲಾಗಲಿ. ಹೀಗೆ ಮಾಡಿದರೆ ವಾಹನದ ಮೇಲಿನ ಭಾರವೂ ಇಳಿಯುತ್ತದೆ. ಇನ್ನೊಂದು ದಾರಿ, ಗುರಿಯನ್ನೇ ಹತ್ತಿರ ತರುವುದು: ಫ್ಲಾರಿಡಾದ ಉತ್ತರ ತೀರದ ಪನಾಮಾ ಸಿಟಿ, ಪೆನ್ಸಕೋಲ ಕಡೆಯ ಕೊಲ್ಲಿಗಳು ಡೆಟ್ರಾಯ್ಟ್‌ನಿಂದ ಸುಮಾರು 1,600 ಕಿ.ಮೀ. ಅಲ್ಲಿ ಈಜುವಷ್ಟು ಸೆಕೆ ಇರದು, ಸ್ವೆಟರ್ ಹಾಕಿಕೊಂಡು ಹಾಯಿ ನಡೆಸಲು ಅಡ್ಡಿಯಿಲ್ಲ. ಇಲ್ಲವೇ ದೋಣಿಯನ್ನು ಅಲ್ಲಿಯೇ ಬಾಡಿಗೆ ಜಾಗದಲ್ಲಿ ಟ್ರೇಲರ್ ಸಮೇತ ಬಿಟ್ಟು, ವಸಂತದಲ್ಲಿ ರಸ್ತೆ ಒಣಗಿದ ಮೇಲೆ ತರಬಹುದು. ಯಾವುದನ್ನು ಆರಿಸಿದರೂ ಮಿಗಿಸಿಟ್ಟ ದಿನವನ್ನು ಮರಳುವ ಕಡೆಗೇ ಇಟ್ಟುಕೊಳ್ಳಿ. ಹೋಗುವಾಗ ತಡವಾದರೆ ಒಂದು ದಿನದ ಮೋಜು ತಪ್ಪುತ್ತದೆ, ಅಷ್ಟೇ. ಬರುವಾಗ ಸೋಮವಾರದ ಕಚೇರಿ ಬೆನ್ನಟ್ಟುತ್ತಿರುತ್ತದೆ, ಮುಂದೆ ಹಿಮ ಕಾದಿರುತ್ತದೆ. ಮಾಡಬಾರದ ನಿರ್ಧಾರಗಳನ್ನು ಜನ ಮಾಡುವುದು ಆಗಲೇ.

ಅಲ್ಲಿಯೇ ದೋಣಿ ಬಾಡಿಗೆಗೆ ಸಿಗುವಾಗ ಇಷ್ಟೆಲ್ಲ ಪಾಡು ಏಕೆ ಎಂದು ಕೇಳಿದರೆ, ನೀರಿನ ಮೇಲೆ ಕಳೆಯುವುದು ಮೂರು ನಾಲ್ಕು ದಿನವಾದರೆ ಬಾಡಿಗೆಯೇ ಸರಿ ಎಂದು ನಾನೂ ಒಪ್ಪುತ್ತೇನೆ. ರಸ್ತೆಯ ಮೇಲೆ ಕಳೆಯುವಷ್ಟು ದಿನವಾದರೂ ನೀರಿನ ಮೇಲೆ ಕಳೆಯುವಂತಿದ್ದರೆ ಮಾತ್ರ ಎಳೆದುಕೊಂಡು ಹೋಗುವುದಕ್ಕೆ ಅರ್ಥ. ಆಗ ಸ್ವಂತ ದೋಣಿಯ ಒಂದು ಗುಣ ಬಾಡಿಗೆಯದಕ್ಕೆ ಸುಲಭವಾಗಿ ಬರುವುದಿಲ್ಲ. ಕ್ಯಾಟಲೀನಾ 22ರ ಅಡಿಯ ಕೀಲ್ ಮೇಲೆತ್ತಿಕೊಳ್ಳುವಂಥದ್ದಾದರೆ ಎರಡೇ ಅಡಿ ನೀರಿನಲ್ಲೂ ತೇಲುತ್ತದೆ. ಕೀಸ್ ದ್ವೀಪಗಳಿಗೂ ಎವರ್‌ಗ್ಲೇಡ್ಸ್‌ಗೂ ನಡುವಿನ ಫ್ಲಾರಿಡಾ ಬೇ ಅಷ್ಟೇ ಆಳವಿಲ್ಲದ ಕೊಲ್ಲಿ. ದೊಡ್ಡ ಕೀಲಿನ ದೋಣಿಗಳು ಅಲ್ಲಿ ಕಾಲಿಡಲಾರವು. ಅಲ್ಲಿನ ತಳದ ಕಡಲಹುಲ್ಲನ್ನು ಉತ್ತುಹಾಕದಂತೆ ಎಚ್ಚರವಿದ್ದರೆ ಸಣ್ಣ ದೋಣಿಗೆ ಅದು ಸ್ವರ್ಗ.

ದೋಣಿಯನ್ನು ಹೊರಡಿಸುವ ಕೆಲಸಕ್ಕೂ ಒಂದು ವಾರಾಂತ್ಯ ಎತ್ತಿಡಿ. ನೀರು ಎಲ್ಲಿಯೂ ಉಳಿಯಬಾರದು: ಕುಡಿಯುವ ನೀರಿನ ತೊಟ್ಟಿ, ಪಂಪು, ದೋಣಿಯ ತಳ, ಔಟ್‌ಬೋರ್ಡಿನ ಒಳಗಾಲುವೆ, ಎಲ್ಲ ಬಸಿದಿರಬೇಕು. ಹೆಪ್ಪುಗಟ್ಟಿದ ನೀರು ಹಿಗ್ಗಿ ಲೋಹವನ್ನೂ ಸೀಳುತ್ತದೆ. ತಳದ ಬಿರಡೆ ತೆಗೆದೇ ಸಾಗಿಸಬೇಕು ಎಂಬುದು ಮಿಷಿಗನ್‌ನಲ್ಲಿ ಕಾನೂನು ಕೂಡ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡುಬಂದ ಜೀಬ್ರಾ ಚಿಪ್ಪುಹುಳು ದೋಣಿಗಳ ಬೆನ್ನೇರಿಯೇ ದೇಶದ ಎಷ್ಟೋ ಕೆರೆಗಳಿಗೆ ಹರಡಿ ಹಾವಳಿ ಮಾಡಿದೆ, ಅದಕ್ಕೇ ಈ ಕಟ್ಟುನಿಟ್ಟು. ದೋಣಿಯನ್ನು ಮುಂಭಾಗದ ವಿಂಚಿನ ಪಟ್ಟಿಯೊಂದರ ಮೇಲೆ ಬಿಡದೆ, ಪ್ರತ್ಯೇಕ ಸರಪಳಿಯಿಂದಲೂ ಹಿಂಭಾಗದಲ್ಲಿ ಎರಡು ಪಟ್ಟಿಗಳಿಂದಲೂ ಟ್ರೇಲರಿಗೆ ಬಿಗಿಯಬೇಕು. ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟರೆ ಗಾಳಿಗೆ ಗುಂಯ್‌ಗುಟ್ಟಿ ಸವೆಯುವುದು ತಪ್ಪುತ್ತದೆ. ಮಲಗಿಸಿದ ಹಾಯಿಕಂಬವನ್ನು ಮೂರು ಕಡೆ ಕಟ್ಟಿ. ಅದು ಹಿಂದಕ್ಕೆ ನಾಲ್ಕು ಅಡಿಗಿಂತ ಹೆಚ್ಚು ಚಾಚಿದ್ದರೆ ತುದಿಗೆ ಕೆಂಪು ಬಾವುಟ ಕಟ್ಟಿ. ಸಡಿಲ ಟಾರ್ಪಾಲು ಹೊದಿಸಿ ಓಡಿಸುವುದಕ್ಕಿಂತ ಹೊದಿಸದಿರುವುದೇ ಮೇಲು. ಅದು ಪಟಪಟ ಬಡಿದು ದೋಣಿಯ ಮೈಯ ಹೊಳಪನ್ನೇ ಉಜ್ಜಿಹಾಕುತ್ತದೆ. ಮೇಲೆ ಕೂತ ಹಿಮವನ್ನು ಪ್ರತಿದಿನ ಬೆಳಿಗ್ಗೆ ಕೆಡವಿ, ಹಾರಿಹೋದ ಗಟ್ಟಿ ಚೂರು ಹಿಂದಿನವರ ಗಾಜು ಒಡೆಯಬಹುದು. ಇನ್ನು ರಸ್ತೆಯ ಉಪ್ಪು. ಡೆಟ್ರಾಯ್ಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ, ಅಲ್ಲಿಂದ ಬಂದ ಉಪ್ಪನ್ನು ರಸ್ತೆಗೆ ಎರಚುತ್ತಾರೆ. ಸಮುದ್ರ ಕಾಣುವ ಸಾವಿರಾರು ಕಿಲೊಮೀಟರು ಮೊದಲೇ ಟ್ರೇಲರಿನ ಬ್ರೇಕಿಗೆ, ವೈರಿನ ಕೊನೆಗೆ, ಹಾಯಿಕಂಬದ ಅಲ್ಯುಮಿನಿಯಂಗೆ ಉಪ್ಪು ಮೆತ್ತಿರುತ್ತದೆ. ಜಾರ್ಜಿಯಾ ತಲುಪಿದ ಮೇಲೆ ಮೊದಲ ಬೆಚ್ಚನೆಯ ಮಧ್ಯಾಹ್ನ ಲಾರಿ ತೊಳೆಯುವ ಕಡೆ ನಿಲ್ಲಿಸಿ, ಟ್ರೇಲರಿನ ಅಡಿಭಾಗವನ್ನು ಚೆನ್ನಾಗಿ ತೊಳೆಸಿ.

ಕಾಗದಪತ್ರಗಳಲ್ಲಿ ಒಂದನ್ನು ಮರೆಯುವವರು ಹೆಚ್ಚು. ಉತ್ತರದ ರಾಜ್ಯಗಳ ದೋಣಿ ವಿಮೆಗಳಲ್ಲಿ ಚಳಿಗಾಲದ ತಿಂಗಳುಗಳನ್ನು ದೋಣಿ ದಡದಲ್ಲಿರುವ ಅವಧಿ ಎಂದು ಬರೆದಿರುವುದುಂಟು. ಆ ಅವಧಿಯಲ್ಲಿ ನೀರಿಗಿಳಿಸಿದರೆ ರಕ್ಷಣೆ ಸಿಗದೆ ಹೋಗಬಹುದು. ಓಡಾಡಬಹುದಾದ ನೀರಿನ ವ್ಯಾಪ್ತಿಯೂ ನಿಗದಿಯಾಗಿರಬಹುದು. ಹೊರಡುವ ಮೊದಲು ವಿಮೆಯವರಿಂದ ಬರಹದಲ್ಲೇ ಒಪ್ಪಿಗೆ ತರಿಸಿಕೊಳ್ಳಿ. ರಸ್ತೆ ಬದಿಯ ನೆರವಿನ ಯೋಜನೆ ಟ್ರೇಲರಿಗೂ ಅನ್ವಯಿಸುತ್ತದೆಯೇ ಎಂದೂ ಕೇಳಿ. ಎಷ್ಟೋ ಯೋಜನೆಗಳು ವಾಹನವನ್ನು ಮಾತ್ರ ಒಯ್ದು ದೋಣಿಯನ್ನು ದಾರಿಯಲ್ಲೇ ಬಿಡುತ್ತವೆ. ಫ್ಲಾರಿಡಾ ಟರ್ನ್‌ಪೈಕ್‌ನ ಸುಂಕ ಅಚ್ಚುಗಳ ಲೆಕ್ಕದಲ್ಲಿರುವುದರಿಂದ ಟ್ರೇಲರಿಗೂ ಸೇರಿ ತೆರಬೇಕು. ಗೆಳೆತನ ಉಳಿಯಬೇಕೆಂದರೆ ಇಂಧನ, ಸುಂಕದ ಜೊತೆಗೆ ಒಡೆದ ಟೈರು, ಸುಟ್ಟ ಬೇರಿಂಗಿನ ಖರ್ಚು ಯಾರದು ಎಂಬುದನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಇನ್ನೂ ಒಂದು ಒಪ್ಪಂದ ಬೇಕು: ನಾಲ್ವರಲ್ಲಿ ಯಾರೊಬ್ಬರಿಗೆ ಇವತ್ತು ಇಲ್ಲಿಗೆ ಸಾಕು ಅನ್ನಿಸಿದರೂ ಉಳಿದವರು ಚರ್ಚೆಯಿಲ್ಲದೆ ಒಪ್ಪಬೇಕು.

ದಿನಗಳ ಹಂಚಿಕೆ ಹೀಗಿರಬಹುದು. ಮೊದಲ ದಿನ ಟೊಲೀಡೊ, ಡೇಟನ್, ಸಿನ್ಸಿನಾಟಿ ದಾಟಿ ಕೆಂಟಕಿಯ ಲೆಕ್ಸಿಂಗ್ಟನ್, ಸುಮಾರು 550 ಕಿ.ಮೀ. ಓಹಾಯೊದ ಬಯಲಲ್ಲಿ ಅಡ್ಡಗಾಳಿ ಬೀಸುತ್ತದೆ, ದೋಣಿಯ ಎತ್ತರದ ಮೈ ಅದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಎರಡನೆಯ ದಿನ ಗುಡ್ಡಗಳ ಕಾರಣ 450ಕ್ಕೇ ನಿಲ್ಲಿಸಿ ಚಟ್ಟನೂಗದಲ್ಲಿ ತಂಗಿ. ಮೂರನೆಯ ದಿನ ಅಟ್ಲಾಂಟಾವನ್ನು ಕಚೇರಿ ಹೊತ್ತು ತಪ್ಪಿಸಿ, ನಗರದ ಒಳಗೆ ಹೋಗದೆ ಐ-285ರ ವರ್ತುಲ ರಸ್ತೆಯಿಂದ ದಾಟಿ ವಾಲ್ಡೋಸ್ಟಾ. ನಾಲ್ಕನೆಯ ದಿನ ಫ್ಲಾರಿಡಾದ ಉದ್ದಕ್ಕೆ ಇಳಿದು, ಗುರಿ ಇನ್ನೂ 300 ಕಿ.ಮೀ. ಇರುವಾಗಲೇ ನಿಂತುಬಿಡಿ. ಇನ್ನು ಸ್ವಲ್ಪ ಹೋದರೆ ಮುಟ್ಟಿಬಿಡುತ್ತೇವೆ ಎಂಬ ಆಸೆ ಅಂದು ಜೋರಾಗಿರುತ್ತದೆ. ದೋಣಿಯನ್ನು ನೀರಿಗಿಳಿಸುವ ಕೆಲಸ ದಣಿದವರಿಗೂ ಕತ್ತಲಿಗೂ ಹೇಳಿದ್ದಲ್ಲ. ಐದನೆಯ ದಿನದ ಅರ್ಧ ಹಗಲನ್ನು ಅದಕ್ಕೆಂದೇ ಉಳಿಸಿಕೊಳ್ಳಬೇಕು.

ಐದನೆಯ ದಿನ ಮಧ್ಯಾಹ್ನ ಕೀಸ್ ದ್ವೀಪಸಾಲಿನ ಕೀ ಲಾರ್ಗೊದ ಇಳಿದಾಣ ತಲುಪಿದಾಗ ಹಬ್‌ಗಳು ಬಿಸಿಯಾಗಿರುತ್ತವೆ, ನೀರು ಎದುರಿಗೇ ಇರುತ್ತದೆ. ವಾಹನವನ್ನು ಪಕ್ಕಕ್ಕೆ ನಿಲ್ಲಿಸಿ ಒಂದು ಗಂಟೆ ಕಾಯಿರಿ. ಮೊದಲು ತಲೆಯೆತ್ತಿ ನೋಡಿ: ನಿಂತ ಜಾಗದಿಂದ ನೀರಿನ ತನಕ ಎಲ್ಲಿಯೂ ವಿದ್ಯುತ್ ತಂತಿ ಹಾದಿರಬಾರದು. ಅಲ್ಯುಮಿನಿಯಂ ಕಂಬ ತಂತಿಗೆ ತಾಗಿ ಪ್ರಾಣ ಹೋದದ್ದುಂಟು. ತಂತಿಯಿಲ್ಲ ಎಂದು ಖಾತ್ರಿಯಾದ ಮೇಲೆ ಒಬ್ಬರು ಮುಂದಿನ ಹಗ್ಗ ಹಿಡಿದು, ಇಬ್ಬರು ಕಂಬ ಎತ್ತಿ, ನಾಲ್ಕನೆಯವರು ಎಳೆತಂತಿಗಳು ಎಲ್ಲಿಯೂ ಸಿಕ್ಕಿಕೊಳ್ಳದಂತೆ ಬಿಡಿಸುತ್ತಾ ಬರಲಿ. ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಮುಂದಿನ ಸರಪಳಿ ನೀರಿನ ಅಂಚಿನ ತನಕ ಇರಲಿ. ಟ್ರೇಲರ್ ದೀಪದ ವೈರು ಕಳಚಿ. ತಳದ ಬಿರಡೆಯನ್ನು ಒಬ್ಬರು ಹಾಕಲಿ, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಲಿ. ಅಷ್ಟರಲ್ಲಿ ಹಬ್ ಅಂಗೈಗೆ ತಣ್ಣಗೆ ಹತ್ತುತ್ತಿರುತ್ತದೆ. ಈಗ ಹಿಂದಕ್ಕೆ ಸರಿಸಿ.